ಉಳಿದ ಹನ್ನೆರಡು ಜನ ಯಾವ ಬಸ್ಸು ಹತ್ತಬೇಕು?

ಮೊದಲಿಗೆ ಒಂದು ಲೆಕ್ಕ. ಬೇಕಿದ್ರೆ ಫೋನಿನ ಕ್ಯಾಲ್ಕುಲೇಟರ್ ತೆಗೀರಿ, ಯಾರೂ ಬೈಯಲ್ಲ. ಒಂದು ಮಿಲಿಟರಿ ಬಸ್ಸಿನಲ್ಲಿ 36 ಸೈನಿಕರು ಕೂರಬಹುದು. 1128 ಸೈನಿಕರನ್ನು ತರಬೇತಿ ಜಾಗಕ್ಕೆ ಕರ್ಕೊಂಡು ಹೋಗಬೇಕು. ಎಷ್ಟು ಬಸ್ಸು ಬೇಕು?

ಇದು ನಾನು ಮಾಡಿದ ಲೆಕ್ಕ ಅಲ್ಲ. 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ದೇಶದ ಮಟ್ಟದಲ್ಲಿ ನಡೆದ ಒಂದು ಮೌಲ್ಯಮಾಪನದಲ್ಲಿ 13 ವರ್ಷದ ಮಕ್ಕಳಿಗೆ ಕೇಳಿದ ಪ್ರಶ್ನೆ. ಗಣಿತ ಕಲಿಸುವವರ ನಡುವೆ ಇವತ್ತಿಗೂ ಫೇಮಸ್. ನೂರಕ್ಕೆ ಸುಮಾರು 70 ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದ್ದರು. 31 ಸಲ ಹೋಗುತ್ತೆ, 12 ಉಳಿಯುತ್ತೆ. ಆದರೆ 32 ಬಸ್ಸು ಅಂತ ಉತ್ತರ ಕೊಟ್ಟವರು ನೂರಕ್ಕೆ 23 ಮಾತ್ರ. 18 ಮಂದಿ 31 ಅಂದರು. ಎಲ್ಲಕ್ಕಿಂತ ಹೆಚ್ಚು ಮಕ್ಕಳು, ನೂರಕ್ಕೆ 29 ಮಂದಿ, ಬರೆದದ್ದು ಏನು ಗೊತ್ತಾ? ‘31, ಶೇಷ 12’.

ಶೇಷ 12 ಅಂದ್ರೆ ಇಲ್ಲಿ 12 ಜನ ಮನುಷ್ಯರು. ಬ್ಯಾಗ್ ಹೆಗಲಿಗೆ ಹಾಕ್ಕೊಂಡು ರಸ್ತೆ ಪಕ್ಕ ನಿಂತಿದ್ದಾರೆ. 31 ಬಸ್ಸುಗಳೂ ಹೊರಟು ಹೋದವು.

ಆ ಮಕ್ಕಳನ್ನು ನೋಡಿ ನಗೋದು ಸುಲಭ. ನನಗೆ ನಗು ಬರಲ್ಲ. ನಾವೂ ಹಾಗೇ ಕಲಿತವರು. ಭಾಜಕ, ಭಾಜ್ಯ, ಭಾಗಲಬ್ಧ, ಕೊನೆಗೆ ಶೇಷ. ಶೇಷ ಬರೆದು ಕೆಳಗೆ ಎರಡು ಗೆರೆ ಎಳೆದರೆ ಲೆಕ್ಕ ಮುಗೀತು, ಮೇಷ್ಟ್ರು ರೈಟ್ ಹಾಕ್ತಾರೆ. ಗೆರೆ ಎಳೆದ ಮೇಲೆ ಆ ಉಳಿದದ್ದನ್ನ ಏನು ಮಾಡೋದು ಅಂತ ಯಾರೂ ಕೇಳ್ತಿರಲಿಲ್ಲ.

ಅಂದ ಹಾಗೆ, ಆ 31 ಅಂದ 18 ಮಂದಿಯ ಪರವಾಗಿ ಒಂದು ಮಾತು. ಅವರಲ್ಲಿ ಒಬ್ಬನಾದರೂ ‘12 ಜನ ತಾನೇ, ಬಸ್ಸಿಗೊಬ್ಬರಂತೆ 12 ಬಸ್ಸಲ್ಲಿ ನಿಂತ್ಕೊಂಡು ಹೋಗಲಿ’ ಅಂತ ಯೋಚಿಸಿ ಬರೆದಿದ್ದರೆ ಅವನಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತಿದ್ದೆ. ನಮ್ಮೂರಲ್ಲಿ ಮದುವೆಗೆ ಬಸ್ಸು ಮಾಡಿಸಿದಾಗ ನಡೆಯೋದು ಇದೇ ಲೆಕ್ಕ ಅಲ್ವಾ? 50 ಸೀಟು, 57 ಜನ. ಯಾರೂ ಎರಡನೇ ಬಸ್ಸು ಮಾಡಿಸಲ್ಲ. ‘ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಳ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ’ ಅಂತಾರೆ. ಶೇಷ 7 ತೊಡೆ ಮೇಲೆ ಕೂತು ಮದುವೆ ಮನೆ ಸೇರುತ್ತೆ. ‘31, ಶೇಷ 12’ ಅಂತ ಬರೆಯೋದಕ್ಕಿಂತ ಇದು ಎಷ್ಟೋ ಮೇಲು.

ಮೊನ್ನೆ ಅಕ್ಕನ ಮಗಳು, ಐದನೇ ಕ್ಲಾಸು, ಹೋಮ್‌ವರ್ಕ್ ಮಾಡ್ತಿದ್ದಳು. ಒಂದು ಡಬ್ಬಕ್ಕೆ 12 ಲಾಡು, ಒಟ್ಟು 100 ಲಾಡು, ಡಬ್ಬ ಎಷ್ಟು ಬೇಕು? ಚಕಚಕ ಅಂತ 8, ಶೇಷ 4 ಅಂತ ಬರೆದಳು. ‘ಆ ನಾಲ್ಕು ಲಾಡು ಏನ್ಮಾಡ್ತೀಯೇ?’ ಅಂತ ಕೇಳಿದೆ. ತಲೆ ಎತ್ತದೇನೇ ಹೇಳಿದಳು, ‘ನಾನೆರಡು ನೀನೆರಡು ಮಾಮ.’

ಉತ್ತರ ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಯಾಕಂದ್ರೆ 100 ಭಾಗಿಸು 12 ಅನ್ನೋ ಒಂದೇ ಲೆಕ್ಕಕ್ಕೆ ಉತ್ತರ ಎಷ್ಟು ಅನ್ನೋದು ಯಾರು ಕೇಳ್ತಾರೆ ಅನ್ನೋದರ ಮೇಲೆ ನಿಂತಿದೆ. ಬೇಕರಿಯವನು ಎಷ್ಟು ತುಂಬಿದ ಡಬ್ಬ ಮಾರಬಹುದು ಅಂತ ಕೇಳಿದರೆ 8. ಎಲ್ಲ ಲಾಡುವನ್ನೂ ಊರಿಗೆ ಒಯ್ಯಬೇಕಾದ ಅಮ್ಮ ಕೇಳಿದರೆ 9. ಡಬ್ಬ ತುಂಬಿದ ಮೇಲೆ ತಟ್ಟೇಲಿ ಎಷ್ಟು ಉಳಿಯುತ್ತೆ ಅಂತ ಮಗು ಕಾಯ್ತಾ ಇದ್ದರೆ 4. ಲಾಡು ಬದಲು 100 ರೂಪಾಯಿಯನ್ನ 12 ಜನ ಹಂಚ್ಕೊಬೇಕು ಅಂದ್ರೆ ಎಂಟು ರೂಪಾಯಿ ಮೂವತ್ತಮೂರು ಪೈಸೆ, ಇನ್ನೂ ಚೂರು. ಕ್ಯಾಲ್ಕುಲೇಟರ್ ಮಾತ್ರ ಎಲ್ಲರಿಗೂ 8.3333 ಅಂತಲೇ ಹೇಳುತ್ತೆ, ಅದಕ್ಕೆ ಲಾಡೂ ಗೊತ್ತಿಲ್ಲ, ರೂಪಾಯೀನೂ ಗೊತ್ತಿಲ್ಲ.

ಕೋಡ್ ಬರೆಯೋ ನಮಗೆ ಇದು ದಿನಾ ಎದುರಾಗುತ್ತೆ. ಕೆಳಕ್ಕೆ ಇಳಿಸೋಕೆ ಫ್ಲೋರ್, ಮೇಲಕ್ಕೆ ಏರಿಸೋಕೆ ಸೀಲ್, ಶೇಷ ಮಾತ್ರ ಬೇಕಂದ್ರೆ ಮಾಡ್ಯುಲೊ. ಪುಟಕ್ಕೆ 10ರಂತೆ 101 ಐಟಮ್ ತೋರಿಸಬೇಕಾದರೆ 11 ಪುಟ ಬೇಕು. 10 ಅಂತ ಇಟ್ಟರೆ ಆ ನೂರಾ ಒಂದನೇ ಐಟಮ್ ಯಾವ ಗ್ರಾಹಕನ ಕಣ್ಣಿಗೂ ಬೀಳಲ್ಲ. (ಭಾಷೆಗಳಿಗೇ ಒಮ್ಮತ ಇಲ್ಲ ಬಿಡಿ. ಮೈನಸ್ 7ನ್ನು 3ರಿಂದ ಭಾಗಿಸಿದರೆ ಶೇಷ ಎಷ್ಟು ಅಂತ ಸಿ ಭಾಷೆಯನ್ನ ಕೇಳಿ, ಮೈನಸ್ 1 ಅನ್ನುತ್ತೆ. ಪೈಥಾನ್ ಕೇಳಿ, 2 ಅನ್ನುತ್ತೆ. ಎರಡೂ ತಮ್ಮ ತಮ್ಮ ನಿಯಮದಲ್ಲಿ ಸರಿ.)

ಮನೆಯಲ್ಲಿ ಇದು ಜೋರಾಗಿ ಕಾಣೋದು ಮೆಡಿಕಲ್ ಶಾಪಿನಲ್ಲಿ. ಡಾಕ್ಟರ್ ಆ್ಯಂಟಿಬಯಾಟಿಕ್ ಬರೆದಿದ್ದಾರೆ, ದಿನಕ್ಕೆ ಮೂರು, ಐದು ದಿನ. ಒಟ್ಟು 15 ಮಾತ್ರೆ. ಸ್ಟ್ರಿಪ್ಪಿನಲ್ಲಿ 10. ಒಂದು ಸ್ಟ್ರಿಪ್, ಶೇಷ 5. ಅಂಗಡಿಯವರು ಕತ್ತರಿಯಲ್ಲಿ ಅರ್ಧ ಕತ್ತರಿಸಿ ಕೊಟ್ಟರೆ ಲೆಕ್ಕ ಸರಿಹೋಯ್ತು, ಎಕ್ಸ್‌ಪೈರಿ ಡೇಟು ಆ ಕಡೆಯ ಅರ್ಧದಲ್ಲಿ ಉಳೀತಾ ಅಂತ ಮಾತ್ರ ನೋಡ್ಕೊಳ್ಳಿ. ‘ಕಟ್ ಮಾಡಲ್ಲ ಸರ್’ ಅಂದರೆ ಎರಡು ದಾರಿ. 20 ತಗೊಂಡು ಐದನ್ನ ಫ್ರಿಜ್ ಮೇಲಿನ ಡಬ್ಬಕ್ಕೆ ಹಾಕೋದು. ಇಲ್ಲಾ ‘ಹತ್ತು ಸಾಕು ಬಿಡಿ, ಅಷ್ಟರಲ್ಲಿ ಹುಷಾರಾಗುತ್ತೆ’ ಅಂತ ಒಂದೇ ಸ್ಟ್ರಿಪ್ ತರೋದು. ಎರಡನೆಯದು ಶೇಷವನ್ನು ಬಿಟ್ಟುಬಿಡೋ ಲೆಕ್ಕ. ಮೂರು ದಿನ ಕಳೆದು ನಾಲ್ಕನೇ ದಿನ ಬೆಳಗ್ಗೆ ಒಂದು ಮಾತ್ರೆಗೆ ಕೋರ್ಸ್ ನಿಂತುಹೋಗುತ್ತೆ. ಇಲ್ಲಿ ಕೆಳಕ್ಕೆ ಇಳಿಸೋ ಅಧಿಕಾರ ಇರೋದು ಡಾಕ್ಟರಿಗೆ, ನಮಗಲ್ಲ.

ಇನ್ನು ಕೆಲವು ಕಡೆ ಶೇಷ ಉಳೀಲಿ ಅಂತಲೇ ತರ್ತೀವಿ. 10 ಅಡಿಗೆ 12 ಅಡಿ ರೂಮಿಗೆ ಎರಡಡಿ ಚದರದ ಟೈಲ್ಸ್ 30 ಬೇಕು, ಬಾಕ್ಸಿಗೆ 4 ಅಂದ್ರೆ ಏಳೂವರೆ ಬಾಕ್ಸು. ಎಂಟು ಸಾಕು ಅಂತ ಲೆಕ್ಕ ಹೇಳಿದರೂ ಟೈಲ್ಸ್ ಹಾಕೋ ಮೇಸ್ತ್ರಿ ಒಂಬತ್ತು ತರಿಸ್ತಾರೆ. ಮೂಲೆಯಲ್ಲಿ ಕಟ್ ಮಾಡುವಾಗ ಒಡೀತವೆ, ಮತ್ತೆ ಎರಡು ವರ್ಷ ಬಿಟ್ಟು ಹುಡುಕ್ಕೊಂಡು ಹೋದರೆ ಅದೇ ಶೇಡು ಸಿಗಲ್ಲ.

ಇಲ್ಲೀವರೆಗೆ ಲಾಡು, ಟೈಲ್ಸು. ತಪ್ಪಾದರೂ ಮನೆಯೊಳಗೇ ಮುಗಿಯೋ ಮಾತು. ಇದೇ ಪ್ರಶ್ನೆ ಕಾನೂನಿನ ಪುಸ್ತಕದಲ್ಲಿ ಕೂತಾಗ ವಿಷಯ ಬೇರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಒಂದರಿಂದ ಐದನೇ ತರಗತಿವರೆಗಿನ ಶಾಲೆಗೆ ಎಷ್ಟು ಮಕ್ಕಳಿದ್ದರೆ ಎಷ್ಟು ಶಿಕ್ಷಕರು ಅನ್ನೋ ಪಟ್ಟಿ. 60 ಮಕ್ಕಳವರೆಗೆ ಇಬ್ಬರು. 61ರಿಂದ 90ರವರೆಗೆ ಮೂವರು. 91ರಿಂದ 120ರವರೆಗೆ ನಾಲ್ವರು. ಇಲ್ಲಿವರೆಗೆ 30ಕ್ಕೆ ಒಬ್ಬರು ಅನ್ನೋ ಭಾಗಾಕಾರ ಇದು. 61ನ್ನು 30ರಿಂದ ಭಾಗಿಸಿದರೆ 2, ಶೇಷ 1. ಆ ಶೇಷ ಒಂದು ಮಗು. ‘ಒಂದು ಮಗು ತಾನೇ, ಇಬ್ಬರು ಮೇಷ್ಟ್ರು ಸುಧಾರಿಸ್ಕೊಳ್ಳಲಿ’ ಅಂತ ಕಾಯ್ದೆ ಹೇಳಲಿಲ್ಲ. ಆ ಒಂದು ಮಗುವಿಗೋಸ್ಕರ ಮೂರನೇ ಶಿಕ್ಷಕರನ್ನು ಕೊಡಬೇಕು ಅಂದಿತು. ಅನುಸೂಚಿ ಬರೆದವರು ಯಾರೇ ಇರಲಿ, ಶೇಷವನ್ನು ಮನುಷ್ಯರಾಗಿ ನೋಡಿದ್ದಾರೆ.

ಈಗ ಇದನ್ನೇ ತಿರುಗಿಸಿ ನೋಡಿ. ಐದು ತರಗತಿ, 61 ಮಕ್ಕಳು ಇರೋ ಒಂದು ಹಳ್ಳಿ ಶಾಲೆ ಅಂದ್ಕೊಳ್ಳಿ. ಒಂದು ಮನೆಯವರು ಕೆಲಸ ಹುಡುಕಿ ಬೆಂಗಳೂರಿಗೆ ಹೊರಟರು, ಜೊತೆಗೆ ಮಗುವನ್ನೂ ಕರ್ಕೊಂಡರು. 61 ಹೋಗಿ 60 ಆಯ್ತು. ಪಟ್ಟಿಯ ಪ್ರಕಾರ ಮೂರನೇ ಶಿಕ್ಷಕರ ಅಗತ್ಯ ಅಲ್ಲಿಗೆ ಮುಗೀತು. ಉಳಿದ 60 ಮಕ್ಕಳಿಗೆ, ಐದು ತರಗತಿಗೆ, ಇಬ್ಬರು. ಅಂದ್ರೆ ಯಾವ ಹೊತ್ತಿಗೆ ನೋಡಿದರೂ ಕನಿಷ್ಠ ಮೂರು ತರಗತಿಯ ಮಕ್ಕಳ ಮುಂದೆ ಮೇಷ್ಟ್ರಿಲ್ಲ, ಇಲ್ಲಾ ಎಲ್ಲರೂ ಒಂದೇ ಕೋಣೆಯಲ್ಲಿ. ನಮ್ಮಲ್ಲಿ ಎಷ್ಟೋ ಮಂದಿ ಹಾಗೆ ಹೊರಟು ಬಂದ ಮನೆಯವರೇ. ನಾವು ಬಿಟ್ಟು ಬಂದ ಶಾಲೆಯ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಎಷ್ಟನೆಯದಾಗಿತ್ತೋ ಅಂತ ಒಮ್ಮೊಮ್ಮೆ ನನಗೆ ಅನ್ನಿಸೋದುಂಟು. ಹುದ್ದೆ ಇದ್ದ ಮಾತ್ರಕ್ಕೆ ಮೇಷ್ಟ್ರು ಬಂದರು ಅಂತ ಏನಿಲ್ಲ, ಅದು ಬೇರೆ ಮಾತು. ಆದರೆ ಹುದ್ದೆ ಕೇಳೋಕಾದರೂ ಊರಿನವರಿಗೆ ಆ ಶೇಷ 1 ಕೈಯಲ್ಲಿರಬೇಕು.

ಇನ್ನೊಂದು ಶೇಷ ವಿಧಾನಸೌಧದ್ದು. 2003ರಲ್ಲಿ ಸಂವಿಧಾನಕ್ಕೆ 91ನೇ ತಿದ್ದುಪಡಿ ಬಂತು. ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಒಟ್ಟು ಬಲದ ಶೇಕಡ 15ನ್ನು ಮೀರಬಾರದು ಅಂತ. ನಮ್ಮ ಸಭೆಯಲ್ಲಿ 224 ಮಂದಿ. ಅದರ ಶೇಕಡ 15 ಅಂದ್ರೆ 33.6. ಈಗ ಹೇಳಿ, ಎಷ್ಟು ಮಂತ್ರಿಗಳು? ‘ಮೀರಬಾರದು’ ಅಂತ ಸ್ಪೆಸಿಫಿಕೇಷನ್‌ನಲ್ಲಿದ್ದರೆ ಯಾವ ಫ್ರೆಷರ್ ಆದರೂ ಫ್ಲೋರ್ ಹಾಕ್ತಾನೆ, 33. ನಮ್ಮ ರಾಜ್ಯದಲ್ಲಿ ನಡೆದುಕೊಂಡು ಬಂದಿರೋದು 34. 2023ರ ಮೇ ತಿಂಗಳಲ್ಲಿ ಸಂಪುಟ ಭರ್ತಿಯಾದದ್ದೂ 34ಕ್ಕೇ. 0.6 ಮಂತ್ರಿ ಅಂತ ಒಬ್ಬರಿರೋಕೆ ಆಗಲ್ಲ ನಿಜ, ಹಾಗಂತ ಉಳಿದ 0.4ನ್ನ ಎಲ್ಲಿಂದ ತಂದರು? ಹತ್ತಿರದ ಪೂರ್ಣಾಂಕ ತಗೊಂಡ್ವಿ ಅಂತ ಸಮರ್ಥನೆ ಕೊಡಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಶಾಲೆಯ ಪಟ್ಟಿಯಲ್ಲಿ ಸಂಖ್ಯೆ ಮೇಲಕ್ಕೆ ಹೋದದ್ದು ಯಾರೂ ಹೊರಗುಳಿಯಬಾರದು ಅಂತ. ಇಲ್ಲಿ ನಿಯಮ ಇರೋದೇ ಒಂದು ಗೆರೆ ದಾಟಬಾರದು ಅಂತ. ಮೇಲಕ್ಕೋ ಕೆಳಕ್ಕೋ ಅನ್ನೋದನ್ನ ನಿಯಮದ ಉದ್ದೇಶದಿಂದ ತಿಳ್ಕೊಬೇಕೇ ಹೊರತು 0.5ಕ್ಕಿಂತ ಜಾಸ್ತಿ ಇದೆಯಾ ಅಂತ ನೋಡಿ ಅಲ್ಲ.

ದುಡ್ಡಿನ ಶೇಷದ ಕಥೆ ಸ್ವಲ್ಪ ಬೇರೆ, ಯಾಕಂದ್ರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣದು. ಮೂರು ಜನ ಊಟ ಮಾಡಿದ್ರಿ, ಬಿಲ್ಲು 1000. ತಲೆಗೆ 333.33. ಮೂರನ್ನೂ ಕೂಡಿಸಿ, 999.99. ಒಂದು ಪೈಸೆ ಎಲ್ಲಿ ಹೋಯ್ತು? ಸ್ನೇಹಿತರ ನಡುವೆ ಇದನ್ನ ಕೇಳಿದರೆ ಮುಂದಿನ ಸಲ ಊಟಕ್ಕೆ ಕರೆಯಲ್ಲ. ಆದರೆ ಪೇಮೆಂಟ್ ಸಾಫ್ಟ್‌ವೇರ್ ಬರೆಯುವವರು ಕೇಳಲೇಬೇಕು, ಇಲ್ಲದಿದ್ರೆ ಸಂಜೆ ಲೆಡ್ಜರ್ ಟ್ಯಾಲಿ ಆಗಲ್ಲ. ಹಾಗಾಗಿ ರೂಪಾಯಿಯನ್ನ ಪೈಸೆ ಮಾಡ್ಕೊಂಡು ಪೂರ್ಣಾಂಕದಲ್ಲೇ ಭಾಗಿಸೋದು ರೂಢಿ. 1,00,000 ಪೈಸೆ, ಮೂವರಿಗೆ 33,333, ಶೇಷ 1. ಆ ಒಂದು ಪೈಸೆಯನ್ನ ಯಾರಾದರೂ ಒಬ್ಬರ ತಲೆ ಮೇಲೆ ಹಾಕಬೇಕು. ಲೋನಿನ ಕೊನೆಯ ಇಎಂಐ ಉಳಿದವಕ್ಕಿಂತ ಒಂಚೂರು ಬೇರೆ ಇರೋದನ್ನ ನೋಡಿರ್ತೀರಿ. ತಿಂಗಳು ತಿಂಗಳು ಉಳಿದ ಚೂರುಪಾರು ಅಲ್ಲಿ ಬಂದು ಕೂತಿರುತ್ತೆ.

ಚೂರುಪಾರು ಅಂತ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಕೆನಡಾದಲ್ಲಿ ಒಂದು ಪ್ರಸಂಗ ಇದೆ. ವ್ಯಾಂಕೂವರ್ ಸ್ಟಾಕ್ ಎಕ್ಸ್‌ಚೇಂಜ್ 1982ರ ಜನವರಿಯಲ್ಲಿ 1000 ಅಂಕದಿಂದ ಒಂದು ಹೊಸ ಸೂಚ್ಯಂಕ ಶುರು ಮಾಡಿತು. ಪ್ರತಿ ವಹಿವಾಟಿಗೂ ಸೂಚ್ಯಂಕವನ್ನ ಮತ್ತೆ ಲೆಕ್ಕ ಹಾಕೋರು, ದಿನಕ್ಕೆ ಸುಮಾರು 3000 ಸಲ. ಪ್ರತಿ ಸಲ ಮೂರನೇ ದಶಮಾಂಶದ ನಂತರ ಏನೇ ಇದ್ದರೂ ಕತ್ತರಿಸಿ ಬಿಸಾಕ್ತಿತ್ತು ಕಂಪ್ಯೂಟರು. ಹತ್ತಿರದ ಅಂಕಿಗೆ ಸರಿಹೊಂದಿಸಿದ್ದರೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಹೋಗಿ ಹೆಚ್ಚು ಕಡಿಮೆ ಸಮ ಆಗ್ತಿತ್ತು. ಕತ್ತರಿ ಮಾತ್ರ ಯಾವಾಗಲೂ ಕೆಳಕ್ಕೇ. ಮಾರುಕಟ್ಟೆ ಚೆನ್ನಾಗಿಯೇ ನಡೀತಿತ್ತು, ಸೂಚ್ಯಂಕ ಮಾತ್ರ ದಿನಾ ಇಳೀತಾನೇ ಇತ್ತು. 1983ರ ನವೆಂಬರಿನಲ್ಲಿ ಅದು ಸುಮಾರು 525ಕ್ಕೆ ಬಂದಿತ್ತು. ಸರಿಪಡಿಸಿ ಲೆಕ್ಕ ಹಾಕಿದಾಗ ಬಂದದ್ದು 1098ಕ್ಕೂ ಮೇಲೆ. ಸಾವಿರದಲ್ಲೊಂದು ಭಾಗಕ್ಕಿಂತ ಚಿಕ್ಕ ಚೂರುಗಳು ಸೇರಿ ಅರ್ಧಕ್ಕರ್ಧ ನುಂಗಿದ್ದವು.

ಇದಕ್ಕೆ ಹೋಲಿಸಿದರೆ ನಮ್ಮ ಬಸ್ ಕಂಡಕ್ಟರುಗಳು ಎಷ್ಟೋ ವಾಸಿ. ಚಿಲ್ಲರೆ ಇಲ್ಲದಿದ್ದಾಗ ಕೊಡಬೇಕಾದದ್ದನ್ನ ಟಿಕೆಟ್ಟಿನ ಹಿಂದೆ ಪೆನ್ನಲ್ಲಿ ಬರೆದು ಕೊಡ್ತಿದ್ದರು. ಶೇಷವನ್ನ ಬಿಸಾಕದೆ ಬರೆದಿಟ್ಟ ಲೆಕ್ಕ ಅದು. ಇಳಿಯೋ ಗಡಿಬಿಡಿಯಲ್ಲಿ ಕೇಳೋಕೆ ಮರೆತರೆ ಅದು ನಮ್ಮ ಹಣೆಬರಹ. ಅಂಗಡಿಯಲ್ಲಿ ಒಂದು ರೂಪಾಯಿ ಶೇಷ ಚಾಕೊಲೇಟ್ ಆಗಿ ಬರ್ತಿತ್ತು. ಯುಪಿಐ ಬಂದ ಮೇಲೆ ಎರಡೂ ಕಡಿಮೆಯಾಗಿವೆ, ಚಾಕೊಲೇಟ್ ತಪ್ಪಿದ್ದಕ್ಕೆ ನನಗೆ ಸ್ವಲ್ಪ ಬೇಜಾರಿದೆ.

ಬರೆದಿಟ್ಟು, ಕೂಡಿಟ್ಟು, ಆಮೇಲೆ ಒಟ್ಟಿಗೆ ತೀರಿಸೋ ಲೆಕ್ಕ ಮನೆಯ ಗೋಡೆ ಮೇಲೇ ಇದೆ. ಅಮ್ಮ ನೋಡೋ ಕ್ಯಾಲೆಂಡರು. ಹನ್ನೆರಡು ಚಾಂದ್ರಮಾನ ತಿಂಗಳು ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365 ಚಿಲ್ಲರೆ. ಪ್ರತಿ ವರ್ಷ ಸುಮಾರು 11 ದಿನ ಉಳೀತವೆ. ಬಿಟ್ಟುಬಿಟ್ಟರೆ ಯುಗಾದಿ ಮಳೆಗಾಲಕ್ಕೂ ಬಂದೀತು, ಚಳಿಗಾಲಕ್ಕೂ ಬಂದೀತು. ಹಾಗಾಗಿ ಉಳಿದ ದಿನಗಳು ಸೇರಿ ಒಂದು ತಿಂಗಳಷ್ಟು ಆದಾಗ, ಹೆಚ್ಚು ಕಡಿಮೆ 32-33 ತಿಂಗಳಿಗೊಮ್ಮೆ, ಒಂದು ಅಧಿಕ ಮಾಸ. 2023ರಲ್ಲಿ ಎರಡೆರಡು ಶ್ರಾವಣ ಬಂದದ್ದು ನೆನಪಿರಬಹುದು. ಆ ತಿಂಗಳು ಅಳಿಯಂದಿರಿಗೆ ಉಪಚಾರ ಜಾಸ್ತಿ. ನನಗೆ ಮದುವೆ ಆಗಿಲ್ಲ, ಹಾಗಾಗಿ ಆ ಶೇಷದಲ್ಲಿ ಪಾಲಿಲ್ಲ.

ಇದೆಲ್ಲ ಓದಿ ಶೇಷ ಅಂದ್ರೆ ತಲೆನೋವು ಅಂತ ಅನ್ನಿಸಿದರೆ, ಅದನ್ನೇ ಆಟದ ಚೆಂಡು ಮಾಡಿಕೊಂಡವರೊಬ್ಬರನ್ನ ಪರಿಚಯಿಸ್ತೀನಿ. ಮಹಾವೀರಾಚಾರ್ಯ, ಒಂಬತ್ತನೇ ಶತಮಾನ, ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು. ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ ಅವರದು. ಅದರಲ್ಲಿ ಬರೋ ಒಂದು ಲೆಕ್ಕದ ಸಾರ ಹೀಗಿದೆ. ಕಾಡಿನ ಅಂಚಿನಲ್ಲಿ ಬಾಳೆಹಣ್ಣಿನ 63 ಗುಡ್ಡೆ, ಎಲ್ಲ ಗುಡ್ಡೆಯಲ್ಲೂ ಅಷ್ಟಷ್ಟೇ ಹಣ್ಣು. ಪಕ್ಕದಲ್ಲಿ ಬಿಡಿಯಾಗಿ 7. ಬಂದ 23 ದಾರಿಹೋಕರು ಎಲ್ಲವನ್ನೂ ಸಮನಾಗಿ ಹಂಚಿಕೊಂಡರು, ಒಂದೂ ಉಳಿಯಲಿಲ್ಲ. ಒಂದು ಗುಡ್ಡೆಯಲ್ಲಿ ಎಷ್ಟು ಹಣ್ಣಿತ್ತು?

ನಮ್ಮ ಶಾಲೆಯ ಲೆಕ್ಕಕ್ಕೆ ಇದು ಪೂರ್ತಿ ಉಲ್ಟಾ. ನಾವು ಭಾಗಿಸಿ ಶೇಷ ಹುಡುಕ್ತೀವಿ, ಇವರು ಶೇಷ ಸೊನ್ನೆ ಅಂತ ಮೊದಲೇ ಹೇಳಿ ಭಾಜ್ಯ ಹುಡುಕಿಸ್ತಾರೆ. ಈ ಜಾತಿಯ ಲೆಕ್ಕಕ್ಕೆ ಕುಟ್ಟಕ ಅಂತ ಹೆಸರು. ಕ್ರಿ.ಶ. 499ರ ಆರ್ಯಭಟನಲ್ಲೇ ಇದರ ವಿಧಾನ ಇದೆ. ದೊಡ್ಡ ಸಂಖ್ಯೆಯನ್ನ ಭಾಗಿಸಿ ಭಾಗಿಸಿ ಶೇಷದ ಪುಡಿ ಮಾಡ್ತಾ ಹೋಗೋದು, ನಮ್ಮ ‘ಕುಟ್ಟು’ ನೆನಪಾದರೆ ಅರ್ಥ ತಾನಾಗೇ ಸಿಗುತ್ತೆ.

ಒರಳಿಲ್ಲದೆ ಮಾಡೋಣ. 63ರಲ್ಲಿ 23 ಎರಡು ಸಲ ಹೋಗಿ 17 ಉಳಿಯುತ್ತೆ. ಪೂರ್ತಿ 23ರ ಗುಂಪುಗಳು ಹೇಗೂ ಹಂಚಿಹೋಗ್ತವೆ, ಅವುಗಳ ಚಿಂತೆ ಬೇಡ. 63ರ ಬದಲು ಬರೀ 17 ಇಟ್ಟುಕೊಂಡರೂ ಶೇಷ ಅದೇ ಬರುತ್ತೆ. ಗುಡ್ಡೆಗೆ ಒಂದು ಹಣ್ಣಿದ್ದರೆ 17ಕ್ಕೆ 7 ಕೂಡಿಸಿ 24, ಶೇಷ 1. ಎರಡಿದ್ದರೆ 41, ಶೇಷ 18. ಮೂರಕ್ಕೆ 58, ಶೇಷ 12. ನಾಲ್ಕಕ್ಕೆ 75, ಶೇಷ 6. ಐದಕ್ಕೆ 92, ಅದು 23ರ ನಾಲ್ಕರಷ್ಟು, ಶೇಷ ಸೊನ್ನೆ. ಗುಡ್ಡೆಗೆ 5 ಹಣ್ಣು. ಒಟ್ಟು 322, ಒಬ್ಬೊಬ್ಬರಿಗೆ 14.

ಈ ‘ಪೂರ್ತಿ ಗುಂಪು ಬಿಟ್ಟು ಶೇಷ ಮಾತ್ರ ಹಿಡ್ಕೋ’ ಅನ್ನೋ ಉಪಾಯವನ್ನೇ ನೀವು ಇವತ್ತಿಂದ 100ನೇ ದಿನ ಯಾವ ವಾರ ಅಂತ ಹೇಳೋಕೂ ಬಳಸಬಹುದು. 14 ವಾರ ಕಳೆದು 2 ದಿನ ಉಳಿಯುತ್ತೆ, ಸೋಮವಾರ ಆದರೆ ಬುಧವಾರ. 14 ಅನ್ನೋ ಭಾಗಲಬ್ಧದಿಂದ ಇಲ್ಲಿ ಮೂರು ಕಾಸಿನ ಪ್ರಯೋಜನ ಇಲ್ಲ. 1970ರ ದಶಕದಲ್ಲಿ ಬಂದ ಆರ್‌ಎಸ್‌ಎ ಅನ್ನೋ ಗೂಢಲಿಪಿ ವಿಧಾನವೂ ನಡೆಯೋದು ಶೇಷದ ಮೇಲೇ. ಸಂಖ್ಯೆಗಳು ನೂರಾರು ಅಂಕಿಯಷ್ಟು ಉದ್ದ, ಅಷ್ಟೇ ವ್ಯತ್ಯಾಸ.

ಬಾಳೆಹಣ್ಣಿನ ಲೆಕ್ಕಕ್ಕೆ 5 ಒಂದೇ ಉತ್ತರ ಅಲ್ಲ. ಗುಡ್ಡೆಗೆ 28 ಹಣ್ಣಿದ್ದರೂ ಸರಿಹೋಗುತ್ತೆ, ಆಗ ಒಬ್ಬೊಬ್ಬರ ಪಾಲಿಗೆ 77. ಅದರ ಮುಂದಿನ ಉತ್ತರ ಯಾವುದು ಅಂತ ಮುಂದಿನ ಸಿಗ್ನಲ್ಲಿನಲ್ಲಿ ಕ್ಯಾಬ್ ನಿಂತಾಗ ನೀವೇ ನೋಡಿ, ಕ್ಯಾಲ್ಕುಲೇಟರ್ ಬೇಕಾಗಲ್ಲ.